ರಜೆಗೆ ಬರುವ ಮಕ್ಕಳಿಗೆ ಕಾಡು, ಕಡಲು ತೋರಿಸೋದು ಹೇಗೆ?

ಹುಲೇಕಲ್ ಕಡೆಯವಳು

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಕೊನೆಯ ವಾರ ನಾದಿನಿಯ ಮಕ್ಕಳಿಬ್ಬರು ಬೆಂಗಳೂರಿನಿಂದ ಶಿರಸಿ ಕಡೆಯ ನಮ್ಮನೆಗೆ ಬರ್ತಿದ್ದಾರೆ. ಹುಡುಗಿ ಪಿಯುಸಿ ಮೊದಲ ವರ್ಷ, ಹುಡುಗ ಏಳನೇ ಕ್ಲಾಸು. ಹೋದ ಸಲ ಬಂದಾಗ ಇವರು ಕಾರು ಮಾಡಿಕೊಂಡು ಯಾಣ, ಉಂಚಳ್ಳಿ ಜಲಪಾತ, ಸಹಸ್ರಲಿಂಗ ಎಲ್ಲ ಸುತ್ತಿಸಿದ್ರು. ಮಕ್ಕಳು ಇಳಿದ್ರು, ಫೋಟೊ ತೆಗೆದ್ರು, ಮತ್ತೆ ಕಾರು ಹತ್ತಿದ್ರು. ಸಂಜೆ ನಮ್ಮತ್ತೆ "ಇವತ್ತು ಎಂತ ನೋಡಿದ್ರೋ" ಅಂತ ಆಸೆಯಿಂದ ಕೇಳಿದ್ರೆ ಇಬ್ಬರಿಗೂ ಹೇಳೋಕೆ ಏನೂ ಇರಲಿಲ್ಲ. ಅದು ನನ್ನ ಮನಸ್ಸಿಂದ ಹೋಗೇ ಇಲ್ಲ. ಅವರ ಅಮ್ಮ ಇದೇ ತೋಟದಲ್ಲಿ ಆಡಿ ಬೆಳೆದವಳು, ಕೂಗು ಕೇಳಿಯೇ ಹಕ್ಕಿ ಯಾವುದು ಅಂತ ಹೇಳ್ತಿದ್ದವಳು.

ಈ ಸಲ ನಮ್ಮಲ್ಲಿ ಅಡಿಕೆ ಕೊಯ್ಲಿನ ಗಡಿಬಿಡಿ, ಸುತ್ತಿಸೋಕೆ ಯಾರಿಗೂ ಪುರುಸೊತ್ತಿಲ್ಲ. ನಡುವೆ ಮೂರ್ನಾಲ್ಕು ದಿನ ಕುಮಟಾದಲ್ಲಿ ನಮ್ಮಣ್ಣನ ಮನೆಗೆ ಕಳಿಸಬಹುದು. ಮನೆ ಹತ್ರ ನೆಟ್‌ವರ್ಕ್ ಸಿಗೋದು ಅಷ್ಟಕ್ಕಷ್ಟೇ. ಮಕ್ಕಳಿಗೆ ಈ ಊರು ಮೈಗೆ ಹತ್ತಬೇಕು ಅನ್ನೋದು ನನ್ನಾಸೆ. ಎಂತ ಮಾಡ್ಲಿ?

ತೋಟದ ಮನೆ

ಕೊಯ್ಲು ಇದ್ದ ಮನೆಗೆ ಬರೋ ಮಕ್ಕಳಿಗೆ ಬೇರೆ ಏನೂ ಬೇಡ ಅಕ್ಕಾ. ಕೊನೆಗೌಡ ಒಂದು ಮರ ಹತ್ತಿ, ಅಲ್ಲಿಂದಲೇ ಬಾಗಿ ಪಕ್ಕದ ಮರ ಹಿಡಿದು ದಾಟೋದನ್ನ ಕತ್ತೆತ್ತಿ ನೋಡ್ತಾ ನಿಂತ್ರೆ ಬೆಳಗು ಕಳೆಯುತ್ತೆ. ಉದುರಿದ ಅಡಿಕೆ ಹೆಕ್ಕಲಿ, ರಾತ್ರಿ ಸುಲಿಯೋರ ಜೊತೆ ಕೂರಲಿ. ಬೆಟ್ಟಕ್ಕೆ ದರಕು, ಅಂದ್ರೆ ಉದುರಿದ ಒಣ ಎಲೆ, ಗುಡಿಸೋಕೂ ಕಳಿಸಿ. ಹತ್ತಿರ ಆಲೆಮನೆ ಹೂಡಿದ್ರೆ ಒಂದು ರಾತ್ರಿ ಅಲ್ಲೇ ಇರಲಿ, ಕೊಪ್ಪರಿಗೆ ಇಳಿಸೋ ತನಕ ಎದ್ದಿರಲಿ.

ಕುಮಟಾ ಅಕ್ಕೋರು

ನಾನು ಹೈಸ್ಕೂಲಲ್ಲಿ ವಿಜ್ಞಾನ ಹೇಳಿಕೊಡ್ತೀನಿ. ರಜೆ ಬಂದ್ರೆ ಕೇರಿಯ ಮಕ್ಕಳನ್ನೂ, ಅವರ ಮನೆಗೆ ಬಂದ ನೆಂಟರ ಮಕ್ಕಳನ್ನೂ ಕಡಲ ಬದಿಗೆ ಕರ್ಕೊಂಡು ಹೋಗೋದು ನನ್ನ ರೂಢಿ. ಹೀಗಾಗಿ ಸ್ವಲ್ಪ ಉದ್ದ ಬರೀತಿದ್ದೀನಿ.

ಹತ್ತು ಜಾಗ ಬೇಡ. ಒಂದೇ ಜಾಗ ಇರಲಿ, ಅಲ್ಲಿಗೇ ಮತ್ತೆ ಮತ್ತೆ ಹೋಗಲಿ. ಮೊದಲ ದಿನ ಯಾವ ಮಗುವಿಗೂ ಏನೂ ಕಾಣಲ್ಲ, ಅದಕ್ಕೆ ಬೇಜಾರು ಮಾಡ್ಕೋಬೇಡಿ. ಮರುದಿನ "ನಿನ್ನೆ ಇದು ಇಲ್ಲಿರಲಿಲ್ಲ" ಅನ್ನುತ್ತೆ ನೋಡಿ, ಆಮೇಲೆ ನಾವು ಬಾಯಿ ಬಿಡೋದೇ ಬೇಡ. ಯಾಣ, ಉಂಚಳ್ಳಿ ಚೆಂದವೇ, ಆದ್ರೆ ಒಂದು ಸಲ ನೋಡಿ ಬಂದ ಜಾಗದಲ್ಲಿ ನಿನ್ನೆ ಇವತ್ತು ಅನ್ನೋದು ಇರಲ್ಲ.

ಕುಮಟಾಕ್ಕೆ ಬಂದಾಗ ಗಡಿಯಾರ ನೋಡಿ ಹೊರಡಬೇಡಿ, ಇಳಿತ ನೋಡಿ ಹೊರಡಿ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗ್ತಾ ಹೋಗುತ್ತೆ. ಇವತ್ತು ಬೆಳಿಗ್ಗೆ 7 ಗಂಟೆಗೆ ಇಳಿತ ಆದ್ರೆ ನಾಳೆ 8ರ ಹತ್ತಿರ. ಇದನ್ನ ಮೊದಲೇ ಹೇಳಿಬಿಡಬೇಡಿ. ಹುಡುಗನ ಕೈಗೆ ಒಂದು ನೋಟ್‌ಬುಕ್ ಕೊಡಿ, ನೀರು ಎಲ್ಲಿವರೆಗೆ ಇಳಿದಿತ್ತು, ಎಷ್ಟು ಹೊತ್ತಿಗೆ ಅಂತ ದಿನಾ ಬರೆದಿಡಲಿ. ನಾಳೆಯ ಹೊತ್ತನ್ನ ಅವನೇ ಹೇಳೋ ಹಾಗಾಗ್ತಾನೆ. ಹುಣ್ಣಿಮೆ, ಅಮಾವಾಸ್ಯೆ ಆಸುಪಾಸು ನೀರು ದೂರ ಸರಿಯುತ್ತೆ, ಅಷ್ಟಮಿ ಹೊತ್ತಿಗೆ ಅಷ್ಟು ಸರಿಯಲ್ಲ. ಪಂಚಾಂಗ ಅತ್ತೆಯವರ ಹತ್ರ ಇರ್ತದಲ್ಲ, ಅವರನ್ನೇ ಕೇಳಲಿ. ಅತ್ತೆಗೂ ಮಕ್ಕಳಿಗೂ ಮಾತಿಗೆ ಒಂದು ದಾರಿಯಾಯ್ತು.

ಇಳಿತದಲ್ಲಿ ಹಸಿ ಮರಳಿನ ಮೇಲೆ ಸಾಬಕ್ಕಿಯಷ್ಟು ದಪ್ಪದ ಮರಳಿನ ಉಂಡೆಗಳು ರಾಶಿ ರಾಶಿ ಬಿದ್ದಿರ್ತವೆ. ಸರಿಯಾಗಿ ನೋಡಿದ್ರೆ ಒಂದು ಸಣ್ಣ ತೂತು, ಅದರ ಸುತ್ತ ಸಾಲು ಸಾಲಾಗಿ ಉಂಡೆ. ಅಲ್ಲಿ ಕೂತು ಮೈ ಅಲ್ಲಾಡಿಸದೆ ಕಾಯಬೇಕು. ನೆರಳು ತೂತಿನ ಮೇಲೆ ಬೀಳಬಾರದು. ಸ್ವಲ್ಪ ಹೊತ್ತಿಗೆ ಉಗುರಿನಷ್ಟಿರೋ ಏಡಿ ಹೊರಗೆ ಬರುತ್ತೆ. ಎರಡೂ ಕೊಂಡಿಯಿಂದ ಮರಳು ಕೆರೆದು ಬಾಯಿಗೆ ಹಾಕಿ, ಕಣಕ್ಕಂಟಿದ ಆಹಾರ ಹೀರಿಕೊಂಡು, ಉಳಿದ ಮರಳನ್ನ ಉಂಡೆ ಮಾಡಿ ಹಿಂದಕ್ಕೆ ತಳ್ಳುತ್ತೆ. ಯಾರಾದ್ರೂ ಕೆಮ್ಮಿದ್ರೂ ಸಾಕು, ಒಳಗೆ ಮಾಯ. ಭರತ ಬಂತು ಅಂದ್ರೆ ಎಲ್ಲ ಅಳಿಸಿ ಹೋಗುತ್ತೆ, ಮುಂದಿನ ಇಳಿತಕ್ಕೆ ಮತ್ತೆ ಮೊದಲಿಂದ ಶುರು. ಒಂದು ಕಡೆ ನಿಲ್ಲದ ಹುಡುಗರು ಇದರೆದುರು ಉಸಿರು ಬಿಗಿಹಿಡಿದು ಕೂತಿದ್ದನ್ನ ಕಣ್ಣಾರೆ ಕಂಡಿದ್ದೀನಿ. ನನಗೆ ಪಾಠ ಮಾಡಿದ್ದಕ್ಕಿಂತ ಹೆಚ್ಚಿನ ಖುಷಿ ಅದು.

ಬಂಡೆ ಹೊಂಡಗಳಲ್ಲಿ ಸನ್ಯಾಸಿ ಏಡಿ, ಕಡಲಹೂವು ಸಿಗ್ತವೆ. ಚಪ್ಪಲಿ ಹಾಕಿರಲಿ, ಬಂಡೆಗಂಟಿದ ಕಲ್ಗದ ಚಿಪ್ಪು ಕಾಲು ಕೊಯ್ಯುತ್ತೆ. ಖಾಲಿ ಶಂಖ ಮನೆಗೆ ತರೋದು ಬೇಡ, ಸನ್ಯಾಸಿ ಏಡಿಗೆ ಅದೇ ಮನೆ.

ಒಂದು ದಿನ ಅಘನಾಶಿನಿ ಅಳಿವೆಗೆ ಹೋಗಲಿ. ಇಳಿತದಲ್ಲಿ ಹೆಂಗಸರು ಕೆಸರಿಗಿಳಿದು ಬಳಚು (ತಿನ್ನೋ ಚಿಪ್ಪುಜೀವಿ) ಹೆಕ್ಕೋದು ನೋಡಬೇಕು. ಫೋಟೊ ಬೇಕಿದ್ರೆ ಮೊದಲು ಅವರನ್ನ ಕೇಳಲಿ. ಈ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದ್ರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದೆ. ನಿಮ್ಮ ಶಿರಸಿಯ ಶಂಕರಹೊಂಡದಲ್ಲಿ ಹುಟ್ಟೋ ನೀರೇ ಘಟ್ಟ ಇಳಿದು ಇಲ್ಲಿ ಕಡಲು ಸೇರೋದು, ನಡುವೆ ದೊಡ್ಡ ಅಣೆಕಟ್ಟು ಒಂದೂ ಇಲ್ಲ. ಹೊಂಡ ನೋಡಿಕೊಂಡು ಬಂದ ಮಕ್ಕಳಿಗೆ ಅಳಿವೆ ಬೇರೆಯೇ ಥರ ಕಾಣುತ್ತೆ.

ಇನ್ನು ಹುಲೇಕಲ್‌ನಲ್ಲಿ ಒಂದು ಮರ ಹುಡುಕಿ. ಹಣ್ಣಾದ ಬಸರಿಯೋ ಗೋಳಿಯೋ ಸಿಕ್ರೆ ನಿಮ್ಮ ಪುಣ್ಯ. ದಿನಾ ಬೆಳಿಗ್ಗೆ ಅದರ ಬುಡದಿಂದ ಸ್ವಲ್ಪ ದೂರ ಕೂರಲಿ. ಕುಟ್ರ, ಪಿಕಳಾರ, ಕೆಂಜಳಿಲು ಬರ್ತವೆ. ಮಂಗಟ್ಟೆ ಬಂದ್ರೆ ಮೊದಲು ರೆಕ್ಕೆಯ ಸದ್ದು ಕೇಳುತ್ತೆ, ಹಕ್ಕಿ ಆಮೇಲೆ ಕಾಣುತ್ತೆ. ಹುಡುಗಿ ಹತ್ರ ಫೋನಿದ್ರೆ ಕಿತ್ಕೋಬೇಡಿ. ಮರ್ಲಿನ್ ಅಂತ ಹಕ್ಕಿ ಕೂಗು ಗುರುತಿಸೋ ಆ್ಯಪ್ ಇದೆ, ಭಾರತದ ಹಕ್ಕಿಗಳ ಪ್ಯಾಕನ್ನ ಬೆಂಗಳೂರಲ್ಲೇ ಇಳಿಸಿಕೊಂಡು ಬಂದ್ರೆ ನೆಟ್‌ವರ್ಕ್ ಇಲ್ಲದೆಯೂ ನಡೆಯುತ್ತೆ. ಆ್ಯಪ್ ಹೇಳಿದ್ದು ಸರಿಯೋ ತಪ್ಪೋ ಅಂತ ಅಮ್ಮನಿಗೆ ರೆಕಾರ್ಡ್ ಕಳಿಸಿ ಕೇಳಲಿ.

ಸಿದ್ದಾಪುರದಿಂದ ಆಶಾ

ಮೇಲೆ ದರಕಿಗೆ ಕಳಿಸಿ ಅಂದಿದ್ದಾರಲ್ಲ, ದಯವಿಟ್ಟು ಈಗ ಬೇಡ. ನಾನು ಆಶಾ ಕಾರ್ಯಕರ್ತೆ, ಮಂಗನ ಕಾಯಿಲೆ ಏನು ಮಾಡುತ್ತೆ ಅಂತ ಮನೆ ಮನೆಯಲ್ಲಿ ನೋಡಿದವಳು. ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ 1957ರಲ್ಲಿ ಮೊದಲು ಗೊತ್ತಾದ ಜ್ವರ ಇದು, ಹರಡೋದು ಉಣುಗಿನಿಂದ (ಉಣ್ಣೆ ಹುಳ). ನವೆಂಬರ್, ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಲ. ಸಣ್ಣ ಉಣುಗು ಕಣ್ಣಿಗೂ ಬೀಳಲ್ಲ, ಒಣ ಎಲೆಯಲ್ಲೇ ಇರ್ತದೆ. ಮಳೆಗಾಲದ ಉಂಬಳ (ಜಿಗಣೆ) ಈಗಿಲ್ಲ ಅಂತ ಧೈರ್ಯ ಮಾಡೋರಿದ್ದಾರೆ, ಉಂಬಳ ರಕ್ತ ಕುಡಿದು ಬಿಡುತ್ತೆ, ಇದು ಹಾಗಲ್ಲ.

ಮರದ ಹತ್ರ ಕೂರೋದಾದ್ರೆ ನೆಲದಲ್ಲಿ ಬೇಡ, ಕುರ್ಚಿ ಒಯ್ಯಿರಿ. ತುಂಬು ತೋಳು, ಪ್ಯಾಂಟು, ಕಾಲುಚೀಲ. ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆ ಹಂಚೋ ಡೇಪಾ ಎಣ್ಣೆ ಸಿಕ್ರೆ ಹಚ್ಚಿಸಿ. ಬಂದ ಕೂಡ್ಲೆ ಬಿಸಿನೀರು, ಸೋಪು ಹಾಕಿ ಸ್ನಾನ, ಬಟ್ಟೆ ಬೇರೆ ಒಗೆಯೋದು. ಮಂಗ ಸತ್ತು ಬಿದ್ದಿದ್ರೆ ಹತ್ರ ಹೋಗದೆ ತಿಳಿಸಿ. ನಿಮ್ಮೂರ ಕಡೆ ಈಗ ಹೇಗಿದೆ ಅಂತ ನಿಮ್ಮ ಆಶಾ ಹತ್ರವೇ ಕೇಳಿ, ಅವರಿಗೆ ಗೊತ್ತಿರ್ತದೆ. ವಾಪಸ್ ಹೋದಮೇಲೆ ಜ್ವರ ಬಂದ್ರೆ ಶಿರಸಿ ಕಾಡಿಗೆ ಹೋಗಿದ್ದು ಅಂತ ಬೆಂಗಳೂರಿನ ಡಾಕ್ಟರಿಗೆ ಮೊದಲೇ ಹೇಳಬೇಕು.

ಕಾಸರಕೋಡದ ಹುಡುಗ

ಹೊನ್ನಾವರದವರೆಗೆ ಬರೋದಾದ್ರೆ ಶರಾವತಿ ಬದಿಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡಿಗೆ ದಾರಿ ನೋಡಿ. ನಮ್ಮ ಕಡಲ ಬದಿಗೆ ಈ ಕಾಲದಲ್ಲಿ ಆಲಿವ್ ರಿಡ್ಲೆ ಆಮೆ ಮೊಟ್ಟೆ ಇಡೋಕೆ ಬರ್ತವೆ. ಅರಣ್ಯ ಇಲಾಖೆಯವರು ಗೂಡಿಗೆ ಬೇಲಿ ಹಾಕಿ ಕಾಯ್ತಾರೆ. ಮರಿ ಹೊರಗೆ ಬರೋಕೆ 45ರಿಂದ 60 ದಿನ ಬೇಕು, ಹೀಗಾಗಿ ಕ್ರಿಸ್‌ಮಸ್ ರಜೆಯಲ್ಲಿ ಮರಿ ಕಾಣ್ತವೆ ಅಂತ ಮಕ್ಕಳಿಗೆ ಮಾತು ಕೊಡಬೇಡಿ. ರಾತ್ರಿ ದಡದಲ್ಲಿ ಟಾರ್ಚು, ಮೊಬೈಲ್ ಬೆಳಕು ಬೇಡವೇ ಬೇಡ, ಬೆಳಕು ಕಂಡ್ರೆ ತಾಯಾಮೆ ಮೊಟ್ಟೆ ಇಡದೆ ತಿರುಗಿ ಹೋಗಬಹುದು.

ಹುಲೇಕಲ್ ಕಡೆಯವಳು

ಎಲ್ಲರಿಗೂ ಋಣಿ. ದರಕು ರದ್ದು. ನಮ್ಮೂರ ಆಶಾ ಹತ್ರ ನಾಳೆಯೇ ಮಾತಾಡ್ತೀನಿ. ತೋಟದ ತಲೆಗೆ ಒಂದು ಬಸರಿ ಮರ ಇದೆ, ಮನೆ ಜಗಲಿಯಿಂದಲೇ ಕಾಣುತ್ತೆ, ಕಾಡಿಗೆ ಹೋಗೋದೇ ಬೇಡ. ಹಣ್ಣಿದೆಯೋ ನೋಡಬೇಕು. ನಾದಿನಿಗೆ ಫೋನ್ ಮಾಡಿ ಹೇಳಿದ್ರೆ ತಾನೂ ಬರ್ತೀನಿ ಅಂತ ರಜೆ ಕೇಳ್ತಿದ್ದಾಳೆ! ಅಕ್ಕೋರೇ, 27ಕ್ಕೆ ಮಕ್ಕಳು ಅಣ್ಣನ ಮನೆಗೆ ಬರ್ತಾರೆ. ನಿಮ್ಮ ಜೊತೆ ಕಳಿಸಬಹುದಾ?

ಕುಮಟಾ ಅಕ್ಕೋರು

ಖಂಡಿತ ಕಳಿಸಿ. ಹೆಡ್ ಬಂದರದ ಹತ್ರ ಸೇರೋಣ, ಹೊತ್ತು ಹಿಂದಿನ ಸಂಜೆ ಹೇಳ್ತೀನಿ. ಹಳೇ ಚಪ್ಪಲಿ, ಟೋಪಿ, ನೀರಿನ ಬಾಟಲಿ, ನೋಟ್‌ಬುಕ್. ನೀರಿಗಿಳಿದು ಆಡೋದು ಆ ದಿನ ಇಲ್ಲ ಅಂತ ಮನೆಯಲ್ಲೇ ಹೇಳಿ ಕಳಿಸಿ. ನಾದಿನಿಯವರು ಬಂದ್ರೆ ಅವರೂ ಬರಲಿ.