ಸಮಸ್ಯೆ (ಇದೇ ಕೊನೆಯ ಸಾಲಾಗುವಂತೆ ಪದ್ಯ ಕಟ್ಟಿ): ಹಬ್ಬಿತು ಬೇರಿಲ್ಲದೊಂದು ಬಳ್ಳಿಯು ಮುಗಿಲೊಳ್

ಮಿಂಚುಳ್ಳಿ:
ಮಬ್ಬಿನ ಸಂಜೆಯ ಮಳೆಯೊಳ್
ಬೊಬ್ಬಿರಿಯುತೆ ಸಿಡಿಲು ಬಡಿಯೆ ನೆಲಬಾನ್ ಬೆಳಗಲ್
ಹುಬ್ಬಿನ ಕೊಂಕನೆ ಪೋಲುತೆ
ಹಬ್ಬಿತು ಬೇರಿಲ್ಲದೊಂದು ಬಳ್ಳಿಯು ಮುಗಿಲೊಳ್

ಗುರುಲಘು: ಚೆನ್ನಾಗಿದೆ. ಹುಬ್ಬು ಹಿಡಿಸ್ತು.

ಹಳಗನ್ನಡಿಗ: ನಂದೂ ಇರಲಿ.
ಕಬ್ಬಿಗನೊರೆದೀ ನುಡಿಗಳ್
ಪರ್ಬಿದುವೈ ನಾಡನೆಲ್ಲ ಮೀರುತೆ ಗಡಿಯಂ
ತಬ್ಬದೆ ಕೊಂಬೆಯನೆಲ್ಲಿಯು
ಹಬ್ಬಿತು...

ಗುರುಲಘು: ಎರಡನೇ ಸಾಲಲ್ಲಿ ಪ್ರಾಸ ಹೋಯ್ತಲ್ಲ ಸ್ವಾಮಿ. ಸಾಲಿನ ಎರಡನೇ ಅಕ್ಷರದ ವ್ಯಂಜನ ನಾಲ್ಕೂ ಕಡೆ ಒಂದೇ ಇರ್ಬೇಕು. ಮೂರು ಕಡೆ ಬ್ಬ, ಅಲ್ಲೊಂದೇ ರ್ಬ.

ಹಳಗನ್ನಡಿಗ: ಪರ್ಬು ಅಂದ್ರೇನೇ ಹಬ್ಬು ಸಾರ್! ಪಕಾರ ಹಕಾರ ಆಯ್ತು, ರೇಫ, ಅಂದ್ರೆ ರಕಾರ, ಬಕಾರದೊಳಗೆ ಕರಗ್ತು, ಪುರ್ಬು ಹುಬ್ಬು ಆಗ್ಲಿಲ್ವಾ ಹಾಗೇ. ಹಬ್ಬಿದುವು ಅಂತ ಬರೆದಿದ್ರೆ ಪುನರುಕ್ತಿ ಅಂತ ನೀವೇ ಮೊದಲು ಕೂಗ್ತಿದ್ರಿ.

ಗುರುಲಘು: ಪದ ಅದೇ, ನಾದ ಅದಲ್ಲ. ಪ್ರಾಸ ಕೇಳೋದು ಕಿವಿಗೆ, ನಿಘಂಟಿಗಲ್ಲ. ಹೋದ ಸಲದ ಥರ ಶಿಥಿಲದ್ವಿತ್ವ (ತೇಲಿಸಿ ನುಡಿಯೋ ಸಡಿಲ ಒತ್ತಕ್ಷರ) ಅಂತ ಜಾರಿಕೊಳ್ಳೋಕೂ ಆಗಲ್ಲ, ಅಮರ್ದು ಸಡಿಲ ಆದ್ರೆ ಅಮರಿದು ಆಗತ್ತೆ, ಪರ್ಬು ಸಡಿಲ ಆಗೋದೇ ಇಲ್ಲ, ಇನ್ನೂ ಒತ್ತಿಕೊಂಡು ಹಬ್ಬು ಆಗತ್ತೆ.

ಹಳಗನ್ನಡಿಗ: ಹೋದ ಸಲದ್ದು ಇಲ್ಲಿ ಯಾಕೆ ತರ್ತೀರಿ, ಅದರಲ್ಲೂ ನಾನೇ ಸರಿ ಇದ್ದೆ.

ಇಬ್ಬನಿ: ಮಧ್ಯೆ ಬರ್ತಿದೀನಿ, ಕ್ಷಮಿಸಿ. ಹಬ್ಬ ಕೂಡ ಹಬ್ಬುವಿನಿಂದಾನೇ ಬಂತಾ?

ಹಳಗನ್ನಡಿಗ: ಇಲ್ಲಮ್ಮ. ಅದು ಸಂಸ್ಕೃತದ ಪರ್ವ, ಗಿಣ್ಣು ಅಂತ ಅರ್ಥ, ಕಾಲದ ಗಿಣ್ಣು. ಪರ್ಬ ಆಗಿ ಹಬ್ಬ ಆಯ್ತು. ಹಬ್ಬು ನಮ್ಮದೇ ಧಾತು, ತಮಿಳಿನ ಪರವು ಅದರ ನಂಟು. ಪಸರಿಸು ಮಾತ್ರ ಪ್ರಸರದಿಂದ ಬಂದದ್ದು, ಹರವಿಟ್ಟ ಸರಕಿಗೂ ಅಂಗಡಿಗೂ ಹಿಂದೆ ಪಸರ ಅಂತಿದ್ರು. ಇನ್ನು ಹರಡು ನಾಮಪದ ಆದ್ರೆ ಕಾಲಿನ ಗಿಣ್ಣು!

ಮಿಂಚುಳ್ಳಿ: ಚಾಪೆ ಹರಡ್ತೀವಿ, ಹಬ್ಬಿಸಲ್ಲ. ಬೆಂಕಿ ಹಬ್ಬತ್ತೆ, ಬಳ್ಳಿ ಹಬ್ಬತ್ತೆ, ಹಿಡ್ಕೊಂಡು ಹಿಡ್ಕೊಂಡು ತಾನೇ ಮುಂದೆ ಹೋಗೋದಕ್ಕೇ ಆ ಮಾತು. ಅದಕ್ಕೇ ನಿಮ್ಮ "ತಬ್ಬದೆ ಕೊಂಬೆಯನೆಲ್ಲಿಯು" ನಂಗೆ ತುಂಬಾ ಇಷ್ಟ ಆಯ್ತು, ಆ ಸಾಲು ಉಳೀಬೇಕು. ಎರಡನೇದು ಹೀಗಾದ್ರೆ?
ದಿಬ್ಬಗಳಂ ದಾಂಟಿ ಮೀರೆ ನಾಡಿನ ಗಡಿಯಂ

ಗುರುಲಘು: ಈಗ ಕೂತ್ಕೊಳ್ತು.

ಹಳಗನ್ನಡಿಗ: ಸಾಲು ಒಪ್ಪಿದೆ ತಾಯಿ. ಪರ್ಬು ತಪ್ಪು ಅನ್ನೋದನ್ನ ಒಪ್ಪಿಲ್ಲ. ಮುಂದಿನ ಸಮಸ್ಯೆ ನಂದು, ಕರ್ಬು (ಕಬ್ಬು), ಪುರ್ಬು, ಉರ್ಬು (ಉಬ್ಬು) ಎಲ್ಲಾ ಹುಡುಕಿಟ್ಕೊಳ್ಳಿ ಸಾರ್:
ಪರ್ಬಿದುದೈ ಕತ್ತಲಿಂದೆ ಕಣ್ಗಳ ಬೆಳಕೇ