ಅಪ್‌ಡೇಟ್: ಕಾಯುವಾಗ ಬರುವ ಅನುಮಾನದ ಬಗ್ಗೆ ಕೇಳಿದ್ದೆನಲ್ಲ

ಕಾಸರಗೋಡಿನ ಬೇಳದಿಂದ ಬರೆಯುತ್ತಿದ್ದೇನೆ. ಕನ್ನಡ ಟೀಚರ್ ಹುದ್ದೆಯ ಪಿಎಸ್‌ಸಿ ಲಿಸ್ಟಿನಲ್ಲಿ ಹೆಸರಿದ್ದೂ ಕೆಲಸ ಸಿಕ್ಕಿಲ್ಲ, ದೇವರ ಮಾತಿನ ಮೇಲೇ ಅನುಮಾನ ಬರುತ್ತಿದೆ, ಇದು ಪಾಪವೇ ಅಂತ ಕೇಳಿದ್ದೆ. ಕೆಲಸಕ್ಕೆ ಶಿಫಾರಸು ಮಾಡಿ ಪಿಎಸ್‌ಸಿ ಕಳಿಸುವ ಅಡ್ವೈಸ್ ಮೆಮೊ ಇನ್ನೂ ಬಂದಿಲ್ಲ. ಲಿಸ್ಟಿನ ಅವಧಿ ಮುಗಿದರೆ ಎನ್ನುವ ಹೆದರಿಕೆಯೂ ಹೋಗಿಲ್ಲ.

ನೀವು ಹೇಳಿದಂತೆ ಬೈಬಲಿನ ಅಬ್ರಹಾಮನ ಕಥೆ ಪೂರ್ತಿ ಓದಿದೆ. ಹಾರಾನಿನಿಂದ ಹೊರಟಾಗ 75 ವರ್ಷ, ದೇವರು ಮಾತು ಕೊಟ್ಟಿದ್ದ ಮಗ ಇಸಾಕ ಹುಟ್ಟಿದಾಗ 100. ನಡುವೆ ಅವನೂ ಒಮ್ಮೆ ನಕ್ಕುಬಿಟ್ಟಿದ್ದ, ಈ ವಯಸ್ಸಿನಲ್ಲಿ ಮಗುವೇ ಅಂತ. ದೇವರು ಮಾತು ಹಿಂತೆಗೆಯಲಿಲ್ಲ, ಅಲ್ವಾ! ಪ್ರವಚನಗಳಲ್ಲಿ ಈ ನಗು ಯಾಕೋ ಜಾಸ್ತಿ ಕೇಳಿಬರುವುದಿಲ್ಲ.

ಆದರೆ ಅವನಿಗೆ ದೇವರು ಮಗನನ್ನು ಕೊಡುತ್ತೇನೆ ಅಂದಿದ್ದ. ನನಗೆ ಸರ್ಕಾರಿ ಕೆಲಸ ಅಂತ ಎಲ್ಲೂ ಹೇಳಿಲ್ಲ, ಕೈಬಿಡುವುದಿಲ್ಲ ಅಂದದ್ದಷ್ಟೇ. ಸದ್ಯ ಬೈಬಲಿನ 13ನೇ ಕೀರ್ತನೆಯ ‘ಇನ್ನೆಷ್ಟು ಕಾಲ?’ ಅನ್ನುವ ಪ್ರಶ್ನೆಯೇ ನನ್ನ ಪ್ರಾರ್ಥನೆ. ಸಂಜೆ ಟ್ಯೂಷನ್ ಶುರು ಮಾಡಿದ್ದೇನೆ.