ಮೋಡ ಕವಿದ ರಾತ್ರಿಯೇ ಮೀಟರ್ ಜಾಸ್ತಿ ಕತ್ತಲು ತೋರಿಸುತ್ತಿದೆ, ಕೆಟ್ಟಿದೆಯಾ?

ರಾಗಿಹೊಲ (ತಾಳವಾಡಿ):

ನಮಸ್ಕಾರ. ನಮ್ಮ ಮನೆ ತಾಳವಾಡಿ ಹತ್ತಿರ, ಹೊಲದಲ್ಲೇ. ಬೇಲಿ ದಾಟಿದರೆ ಸತ್ಯಮಂಗಲದ ಹುಲಿ ಕಾಡು. ಮೈಸೂರಿನಲ್ಲಿ ಓದುವ ತಮ್ಮ ರಜೆಗೆ ಬರುವಾಗ ಸ್ಕೈ ಕ್ವಾಲಿಟಿ ಮೀಟರ್ ಅಂತ ಒಂದು ತಂದಿದ್ದಾನೆ. ಇಸ್ಪೀಟು ಪ್ಯಾಕಿನಷ್ಟು ಡಬ್ಬಿ. ಆಕಾಶಕ್ಕೆ ಹಿಡಿದು ಗುಂಡಿ ಒತ್ತಿದರೆ ಕೆಂಪು ಅಂಕಿ ಬರುತ್ತದೆ. ಅಂಕಿ ದೊಡ್ಡದಾದಷ್ಟೂ ಕತ್ತಲು ಜಾಸ್ತಿ, 22ರ ಹತ್ತಿರ ಬಂದರೆ ದೀಪದ ಸೋಂಕೇ ಇಲ್ಲದ ಆಕಾಶ ಅಂತ ಹೇಳಿಕೊಟ್ಟು ಅವನು ಮಲಗಿಬಿಟ್ಟ. ನನಗೆ ಹುಚ್ಚು ಹಿಡಿಯಿತು.

ಮೂರು ರಾತ್ರಿ ಅಂಗಳದಿಂದ ಅಳೆದೆ. ಮೊದಲ ರಾತ್ರಿ ಚುಕ್ಕಿ ಚೆಲ್ಲಿದ ಹಾಗೆ ಆಕಾಶ, 21.2. ಎರಡನೇ ರಾತ್ರಿಯೂ ಹಾಗೇ, ಆದರೆ ಪಕ್ಕದ ಹೊಲದ ಚಿಕ್ಕಪ್ಪ ಆನೆ ಹೆದರಿಸುವ ಲೈಟು ಹಾಕಿದ್ದರು, 20.4. ಅದು ಸರಿ. ಮೂರನೇ ರಾತ್ರಿ ದಟ್ಟ ಮೋಡ, ಲೈಟೂ ಇಲ್ಲ, ಒಂದು ಚುಕ್ಕಿಯೂ ಇಲ್ಲ. ಅವತ್ತು 21.9! ಏನೂ ಕಾಣದ ಆಕಾಶಕ್ಕೆ ಇಷ್ಟು ಮಾರ್ಕ್ಸಾ?

ಇನ್ನೊಂದು ಮಾತು. ಹೋದ ವರ್ಷ ಒಂದೇ ರಾತ್ರಿ ಆನೆ ನುಗ್ಗಿ ಚಿಕ್ಕಪ್ಪನ ನಲವತ್ತು ಬಾಳೆ ಮುರಿದು ಹಾಕಿತು. ಆಮೇಲೆ ಪಂಪ್‌ಸೆಟ್ ಮನೆ ಮೇಲೆ ದೊಡ್ಡ ಎಲ್‌ಇಡಿ ಫೋಕಸ್ ಲೈಟು ಬಂತು. ಅರ್ಧ ಬೆಳಕು ತೆಂಗಿನ ಗರಿಗೆ ಬಡಿದು ಮೇಲೆ ಹೋಗುತ್ತದೆ. ಆರಿಸಿ ಅನ್ನೋಕೆ ನನಗೆ ಬಾಯಿಲ್ಲ, ನಮ್ಮ ಹೊಲಕ್ಕೆ ಆನೆ ಬಂದಿದ್ದರೆ ನಾವೂ ಅದನ್ನೇ ಮಾಡುತ್ತಿದ್ದೆವು. ಅಂಕಿ ತೋರಿಸಿದರೆ ಏನಾದರೂ ಉಪಯೋಗ ಉಂಟಾ?

ಚುಕ್ಕಿಮರುಳ (ಮೈಸೂರು):

ಅಕ್ಕ, ಮೀಟರ್ ಚೆನ್ನಾಗಿಯೇ ಇದೆ. ಅದಕ್ಕೆ ಚುಕ್ಕಿ ಎಣಿಸಲು ಬರುವುದಿಲ್ಲ, ಮೇಲಿನಿಂದ ಎಷ್ಟು ಬೆಳಕು ಬೀಳುತ್ತಿದೆ ಅಂತ ಮಾತ್ರ ಗೊತ್ತು. ನಿಮ್ಮಲ್ಲಿ ಮೋಡ ಬಂದರೆ ಚುಕ್ಕಿ ಬೆಳಕನ್ನು ತಡೆಯುತ್ತದೆ, ಅಂಕಿ ಏರುತ್ತದೆ. ನಮ್ಮ ಮೈಸೂರಿನಲ್ಲಿ ಪೂರ್ತಿ ಉಲ್ಟಾ. ಊರಿನ ದೀಪ ಮೋಡಕ್ಕೆ ಬಡಿದು ವಾಪಸ್ ಬರುತ್ತದೆ, ಅಂಕಿ ಧೊಪ್ಪನೆ ಬೀಳುತ್ತದೆ. ಅಂದರೆ ಆ 21.9 ನಿಮ್ಮ ಊರಿಗೆ ಒಳ್ಳೆಯ ಸುದ್ದಿಯೇ. ಆದರೆ ಲೆಕ್ಕಕ್ಕೆ ಬರೆಯಬೇಡಿ. ಮೋಡ ಇರಬಾರದು, ಚಂದ್ರ ಇರಬಾರದು, ಸೂರ್ಯ ಮುಳುಗಿ ಒಂದೂವರೆ ಗಂಟೆಯಾದರೂ ಆಗಿರಬೇಕು. ಆಕಾಶಗಂಗೆ ನೆತ್ತಿಯ ಮೇಲಿದ್ದರೂ ಅಂಕಿ ಒಂಚೂರು ಇಳಿಯುತ್ತದೆ.

ನನಗೆ ಅನುಮಾನ ಇರುವುದು ಆ 20.4 ಮೇಲೆ. ಒಂದು ಅಂಕಿ ಇಳಿದರೆ ಬೆಳಕು ಎರಡೂವರೆ ಪಟ್ಟು, 0.8 ಅಂದರೆ ಸುಮಾರು ಎರಡು ಪಟ್ಟು. ಒಂದು ಲೈಟಿಗೆ ಆಕಾಶ ಎರಡು ಪಟ್ಟು ಬೆಳಗುತ್ತಾ? ಲೈಟು ನೇರ ಮೀಟರಿನ ಕಣ್ಣಿಗೇ ಹೊಡೆದಿರಬೇಕು. ಡಬ್ಬಿ ಮೇಲೆ ಎಸ್‌ಕ್ಯೂಎಂ ಅಂತ ಮಾತ್ರ ಇದೆಯಾ, ಕೊನೆಗೆ ಎಲ್ ಅಂತಲೂ ಇದೆಯಾ? ಎಲ್ ಇದ್ದರೆ ನೆತ್ತಿಯ ಸುಮಾರು 20 ಡಿಗ್ರಿ ಆಕಾಶ ಮಾತ್ರ ನೋಡುತ್ತದೆ. ಇಲ್ಲದಿದ್ದರೆ ಅಗಲಕ್ಕೆ ನೋಡುತ್ತದೆ, ಪಕ್ಕದ ಲೈಟು, ಮರ ಎಲ್ಲ ಒಳಗೆ ಬಂತು. ಮನೆಯ ನೆರಳಿಗೆ ನಿಂತು ಮತ್ತೆ ಅಳೆಯಿರಿ. ಮೀಟರನ್ನು ಹತ್ತು ನಿಮಿಷ ಹೊರಗಿಟ್ಟು, ಮೊದಲ ಅಂಕಿ ಬಿಟ್ಟು, ಆಮೇಲಿನ ನಾಲ್ಕೈದರ ಸರಾಸರಿ ತೆಗೆಯಿರಿ.

ಅಳೆಯುವ ಹುರುಪಿನಲ್ಲಿ ಬೇಲಿ ಮಾತ್ರ ದಾಟಬೇಡಿ.

ಅಡಿಕೆತೋಟ (ಬದಿಯಡ್ಕ):

ನಮ್ಮ ಕಾಸರಗೋಡಿನಲ್ಲಿ ಇಷ್ಟು ಕತ್ತಲು ಕಾಣಬೇಕಾದರೆ ಕರೆಂಟೇ ಹೋಗಬೇಕು ಮಾರಾಯ್ರೆ! ಒಂದು ವಿಷಯ ಸೇರಿಸುತ್ತೇನೆ. ಉಪಗ್ರಹದ ನಕ್ಷೆ ನೋಡಿ ನಿಮ್ಮ ಕಾಡು ಕಪ್ಪಗಿದೆ ಅಂತ ಸಮಾಧಾನ ಪಡಬೇಡಿ. ಆ ನಕ್ಷೆಗಳಿಗೆ ಬಳಸುವ ವಿಐಐಆರ್‌ಎಸ್ ಉಪಕರಣ ಹಾದುಹೋಗುವುದು ರಾತ್ರಿ ಸುಮಾರು ಒಂದೂವರೆಗೆ, ಅಷ್ಟರೊಳಗೆ ಆರಿಸಿದ ದೀಪ ಅದಕ್ಕೆ ಸಿಗುವುದಿಲ್ಲ. ಅದಕ್ಕೆ ನೀಲಿ ಬೆಳಕು ಕಾಣುವುದಿಲ್ಲ. ಬಿಳಿ ಎಲ್‌ಇಡಿಯಲ್ಲಿ ನೀಲಿ ಸಾಕಷ್ಟು ಇರುತ್ತದೆ, ಗಾಳಿಯಲ್ಲಿ ಹೆಚ್ಚು ಚೆದುರುವುದೂ ಅದೇ. ಆದ್ದರಿಂದ ನೆಲದಿಂದ ಅಳೆಯುವವರು ಬೇಕು. ಮಹಾರಾಷ್ಟ್ರದ ಪೆಂಚ್ ಹುಲಿ ಕಾಡಿಗೆ 2024ರ ಜನವರಿಯಲ್ಲಿ ದೇಶದ ಮೊದಲ ಡಾರ್ಕ್ ಸ್ಕೈ ಪಾರ್ಕ್ (ರಾತ್ರಿಯ ಕತ್ತಲು ಕಾಪಾಡುವ ಜಾಗ) ಅಂತ ಹೆಸರು ಬಂತಲ್ಲ, ಅಂಥದ್ದಕ್ಕೂ ಹೀಗೆ ಅಳೆದ ಅಂಕಿ ಬೇಕೇ ಬೇಕು.

ಚಿಕ್ಕಪ್ಪನಿಗೆ ಅಂಕಿ ತೋರಿಸಲು ಹೋಗಬೇಡಿ, ಬೈಸಿಕೊಳ್ಳುತ್ತೀರಿ. ಆಕಾಶಕ್ಕೆ ಹೋಗುವ ಬೆಳಕಿಗೂ ಕರೆಂಟ್ ಖರ್ಚಾಗುತ್ತದೆ, ಅದನ್ನು ತೋಟಕ್ಕೇ ಬೀಳಿಸೋಣ ಅನ್ನಿ. ಲೈಟಿನ ಮೇಲೆ ಒಂದು ತಗಡಿನ ಮಾಡು, ಮುಖ ಕೆಳಗೆ, ಬಲ್ಬು ಹಳದಿ. ಮೂರರಲ್ಲಿ ಎರಡಾದರೂ ಸಾಕು.

ರಾಗಿಹೊಲ (ತಾಳವಾಡಿ):

ನಾಲ್ಕು ದಿನ ಬಿಟ್ಟು ಬರೆಯುತ್ತಿದ್ದೇನೆ. ಡಬ್ಬಿ ಮೇಲೆ ಎಲ್ ಇಲ್ಲ. ಚುಕ್ಕಿಮರುಳ ಸರ್ ಹೇಳಿದ ಹಾಗೆ ಲೈಟು ಹಾಕಿದ್ದಾಗಲೇ ಮನೆ ಹಿಂದೆ ನೆರಳಲ್ಲಿ ಅಳೆದೆ: 21.0. ಅಷ್ಟು ದಿನ ಚಿಕ್ಕಪ್ಪನ ಮೇಲೆ ಸುಮ್ನೆ ಜಾಸ್ತಿ ಸಿಟ್ಟು ಮಾಡಿಕೊಂಡಿದ್ದೆ. ಅವರ ಲೈಟಿಗಿಂತ ಜಾಸ್ತಿ ಅಂದರೆ ಉತ್ತರಕ್ಕೆ, ಚಾಮರಾಜನಗರದ ಕಡೆ, ಆಕಾಶದ ಅಡಿಯಲ್ಲಿ ಹಾಲು ಚೆಲ್ಲಿದ ಹಾಗೆ ಬೆಳಕು ಕಾಣುತ್ತದೆ. ಮೀಟರ್ ನೆತ್ತಿಗೆ ಹಿಡಿದರೆ ಅದು ಸರಿಯಾಗಿ ಸಿಗುವುದೇ ಇಲ್ಲ, ಅಲ್ವಾ?

ಕರೆಂಟ್ ಮಾತು ಫಲಿಸಿತು. ನಿನ್ನೆ ಚಿಕ್ಕಪ್ಪನೇ ಹಳೇ ಎಣ್ಣೆ ಡಬ್ಬ ಕತ್ತರಿಸಿ ಲೈಟಿಗೆ ಟೋಪಿ ಹಾಕಿದರು. ತೆಂಗಿನ ಗರಿ ಈಗ ಕಪ್ಪಗಿದೆ. ಹಳದಿ ಬಲ್ಬಿಗೆ ಒಪ್ಪಲಿಲ್ಲ, ಅದಕ್ಕೆ ಆನೆ ಹೆದರುವುದಿಲ್ಲವಂತೆ. ನಿನ್ನೆ ರಾತ್ರಿ ಆನೆ ಬರಲಿಲ್ಲ, ಹಾಗಾಗಿ ಟೋಪಿಯ ಬಗ್ಗೆ ಅವರು ಇನ್ನೂ ಏನೂ ಹೇಳಿಲ್ಲ.